ಗ್ಯಾಸ್ ಗೀಸರ್ ಕೈಕೊಟ್ಟಾಗ: ಮೊದಲು ಸೆಲ್ ನೋಡಿ, ಆಮೇಲೆ ಉರಿ ನೋಡಿ

ನಮ್ಮ ಮನೆಯ ಗ್ಯಾಸ್ ಗೀಸರ್ ಮೊದಲ ಸಲ ಕೈಕೊಟ್ಟಾಗ ಮೆಕ್ಯಾನಿಕ್ ಬಂದರು. ತಳದ ಡಬ್ಬಿ ಎಳೆದು ಎರಡು ದಪ್ಪ ಸೆಲ್ ಬದಲಿಸಿ, 400 ರೂಪಾಯಿ ತಗೊಂಡು ಹೋದರು. ಎರಡು ನಿಮಿಷದ ಕೆಲಸ. ನನಗೆ ಹೊಟ್ಟೆ ಉರಿಯಿತು, ಆದರೆ ಅವರ ತಪ್ಪೇನಿಲ್ಲ. ಸೆಲ್ ನೋಡಬೇಕು ಅಂತ ನನಗೆ ಹೊಳೆದಿರಲಿಲ್ಲ ಅಷ್ಟೇ.

ಎರಡನೇ ಸಲ ಕೈಕೊಟ್ಟಿದ್ದು ಯಾರಿಗೂ ಗೊತ್ತೇ ಆಗಲಿಲ್ಲ. ಬಿಸಿನೀರು ಧಾರಾಳವಾಗಿ ಬರುತ್ತಿತ್ತು. ಡಿಸೆಂಬರ್ ಬೆಳಗ್ಗೆ ಸ್ನಾನ ಮುಗಿಸಿ ಬಂದ ಅಮ್ಮ ಬಚ್ಚಲ ಬಾಗಿಲ ಚೌಕಟ್ಟಿಗೆ ಒರಗಿ ಕೂತುಬಿಟ್ಟರು. "ಯಾಕೋ ತಲೆ ದಿಮ್ ಅಂತಿದೆ ಕಣೋ" ಅಂದರು. ಏಕಾದಶಿ ಉಪವಾಸ, ಅದಕ್ಕೇ ಅಂದುಕೊಂಡು ಕಾಫಿ ಕೊಟ್ಟೆವು. ನಾಲ್ಕು ದಿನ ಬಿಟ್ಟು ಅತ್ತಿಗೆಗೂ ಹಾಗೇ ಆಯಿತು. ಅವರು ಉಪವಾಸ ಇರಲಿಲ್ಲ. ಆಗ ನನಗೆ ಬಚ್ಚಲ ಮೇಲುಗಡೆಯ ಗವಾಕ್ಷಿ ನೆನಪಾಯಿತು. ಚಳಿಗಾಳಿ ಬರುತ್ತದೆ ಅಂತ ಹಳೇ ಪೇಪರ್ ಮಡಿಸಿ ಅದಕ್ಕೆ ತುರುಕಿದ್ದು ನಾನೇ.

ಅವತ್ತು ಬಂದ ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿ ಹೇಳಿದ್ದು ಒಂದೇ ಮಾತು: "ಸಾರ್, ಗೀಸರ್‌ಗೆ ಏನೂ ಆಗಿಲ್ಲ. ರೂಮಿಗೆ ಆಗಿದೆ."

ಅದಕ್ಕೇ ಈ ಬರಹದಲ್ಲಿ ಬಿಸಿನೀರು ಬಾರದಿರುವುದರಿಂದ ಶುರು ಮಾಡುತ್ತಿಲ್ಲ. ಬಿಸಿನೀರು ಚೆನ್ನಾಗಿ ಬರುತ್ತಿರುವಾಗಲೇ ಇರುವ ದೋಷದಿಂದ ಶುರು ಮಾಡುತ್ತಿದ್ದೇನೆ.

ಸ್ನಾನ ಮಾಡುವಾಗ ತಲೆ ದಿಮ್ ಅನ್ನುತ್ತದೆ, ವಾಕರಿಕೆ ಬರುತ್ತದೆ

ಬೇರೆ ದೋಷಗಳಿಗೆಲ್ಲ ಅಗ್ಗದ ಪರೀಕ್ಷೆ ಮೊದಲು. ಇದಕ್ಕೆ ಮಾತ್ರ ಗೀಸರ್ ಆರಿಸಿ ಹೊರಗೆ ಬರುವುದು ಮೊದಲು. ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋಲುವುದು, ಸುಮ್ನೆ ನಿದ್ದೆ ಬಂದ ಹಾಗಾಗುವುದು. ಸ್ನಾನದ ಹೊತ್ತಿಗೆ ಇವುಗಳಲ್ಲಿ ಯಾವುದು ಕಂಡರೂ ಮೊದಲು ಗೀಸರ್ ಮೇಲೆ ಅನುಮಾನ ಪಡಿ. ಮನೆಯಲ್ಲಿ ಇಬ್ಬರಿಗೆ ಹೀಗಾಗಿದ್ದರೆ, ಹೊರಗೆ ಬಂದು ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತಿದ್ದರೆ, ಅನುಮಾನ ಇನ್ನೂ ಜಾಸ್ತಿ ಆಗಬೇಕು.

ಇದು ಕಾರ್ಬನ್ ಮೊನಾಕ್ಸೈಡ್ ಕೆಲಸ. ಗ್ಯಾಸ್ ಉರಿಯುವಾಗ ಗಾಳಿ ಸಾಲದೆ ಹೋದರೆ ಈ ವಿಷದ ಗಾಳಿ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದೂ ಇಲ್ಲ. ನಮ್ಮ ರಕ್ತಕ್ಕೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಉಸಿರಾಟ ನಡೆಯುತ್ತಲೇ ಇರುತ್ತದೆ, ಒಳಗೆ ಉಸಿರು ಮಾತ್ರ ಮುಟ್ಟುವುದಿಲ್ಲ. ಸಿಲಿಂಡರ್ ಗ್ಯಾಸ್‌ಗೆ ಬೆರೆಸಿರುವ ಕೆಟ್ಟ ವಾಸನೆಯನ್ನು ಇಲ್ಲಿ ನಂಬಿಕೊಂಡು ಕೂರಬೇಡಿ. ಆ ವಾಸನೆ ಸೋರಿದ ಗ್ಯಾಸ್‌ಗೆ. ಉರಿದ ಗ್ಯಾಸ್‌ಗೆ ಅದು ಇರುವುದಿಲ್ಲ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಮನೆಗಳಲ್ಲಿರುವ 6 ಲೀಟರ್ ಗೀಸರ್ (ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವಂಥದ್ದು) ಪೂರ್ತಿ ಉರಿಯಲ್ಲಿ ಗಂಟೆಗೆ ಹತ್ತಿರ ಹತ್ತಿರ 1 ಕಿಲೋ ಗ್ಯಾಸ್ ಸುಡುತ್ತದೆ. 1 ಕಿಲೋ ಎಲ್‌ಪಿಜಿ ಸರಿಯಾಗಿ ಉರಿಯಲು ಸುಮಾರು 12–13 ಘನ ಮೀಟರ್ ಗಾಳಿ ಬೇಕು. ಅಂದರೆ 10 ನಿಮಿಷದ ಸ್ನಾನಕ್ಕೆ 2 ಘನ ಮೀಟರ್ ಗಾಳಿ. ನಾಲ್ಕು ಅಡಿಗೆ ಆರಡಿ, ಎಂಟಡಿ ಎತ್ತರದ ಬಚ್ಚಲಲ್ಲಿ ಇರುವುದೇ ಐದೂವರೆ ಘನ ಮೀಟರ್. ಬಾಗಿಲು, ಕಿಟಕಿ ಮುಚ್ಚಿದ್ದರೆ ಒಬ್ಬರ ಸ್ನಾನಕ್ಕೇ ಮೂರನೇ ಒಂದು ಭಾಗದ ಗಾಳಿ ಮುಗಿಯಿತು. ಉರಿ ಕೆಡಲು ಅಷ್ಟು ಸಾಕು. ಎರಡನೆಯವರು ಅದೇ ಗಾಳಿಯಲ್ಲಿ ಸ್ನಾನಕ್ಕೆ ಹೋಗುತ್ತಾರೆ. ದೀಪಾವಳಿಯ ಎಣ್ಣೆಸ್ನಾನದ ಬೆಳಗ್ಗೆ ಆರು ಜನ ಸಾಲಾಗಿ ನಿಂತ ಮನೆಯನ್ನು ಯೋಚಿಸಿ ನೋಡಿ.

ಯಾರಾದರೂ ಒಳಗೆ ಬಿದ್ದಿದ್ದರೆ, ಕೂಗಿದರೂ ಓಗೊಡದಿದ್ದರೆ, ಸಿಲಿಂಡರ್ ಹೊರಗಡೆ ಇದ್ದರೆ ರೆಗ್ಯುಲೇಟರ್ ಆಫ್ ಮಾಡಿಸಿ. ಬಾಗಿಲು, ಕಿಟಕಿ ತೆರೆದು, ಗಾಳಿ ಆಡಲು ಬಿಟ್ಟು, ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಅವರನ್ನು ಬಯಲಿಗೆ ತನ್ನಿ. ಒಳಗೇ ಕೂತು ನೀರು ಚಿಮುಕಿಸುತ್ತಾ ಎಬ್ಬಿಸಲು ಹೋಗಬೇಡಿ, ಬಿದ್ದವರ ಜೊತೆ ಇನ್ನೊಬ್ಬರು ಬೀಳುವುದು ಹೀಗೇ. 108ಕ್ಕೆ ಫೋನ್ ಮಾಡಿ. ಉಸಿರಾಟ ನಿಂತಿದ್ದರೆ, ಗೊತ್ತಿರುವವರು ಎದೆ ಒತ್ತುವುದನ್ನು ಶುರು ಮಾಡಲಿ. ಆಸ್ಪತ್ರೆಯಲ್ಲಿ ಡಾಕ್ಟರ್‌ಗೆ ಮೊದಲ ಮಾತಿಗೇ "ಗ್ಯಾಸ್ ಗೀಸರ್ ಉರಿಯುತ್ತಿತ್ತು" ಅಂತ ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಂಥ ಹೊತ್ತಲ್ಲಿ 98, 99 ಅಂತ ತೋರಿಸಬಹುದು. ರಕ್ತಕ್ಕೆ ಅಂಟಿರುವುದು ಆಮ್ಲಜನಕವೋ ವಿಷವೋ ಅಂತ ಅದಕ್ಕೆ ಬೇರೆ ಮಾಡಲು ಬರುವುದಿಲ್ಲ.

ತಲೆಸುತ್ತು ಬಂದು ಹೋಯಿತು, ಈಗ ಸರಿಯಾಗಿದೆ ಅಂದರೂ ಡಾಕ್ಟರ್‌ಗೆ ತೋರಿಸಿ. ಬಸುರಿ, ಮಗು, ಹೃದಯದ ತೊಂದರೆ ಇರುವವರಾದರೆ ಅವತ್ತೇ ತೋರಿಸಿ. ಆ ಗೀಸರ್ ಮತ್ತೆ ಹಚ್ಚಬೇಡಿ. ಮುಂದೇನು ಅಂತ ಕೊನೆಯಲ್ಲಿ ಹೇಳುತ್ತೇನೆ.

ಗ್ಯಾಸ್ ವಾಸನೆ ಬರುತ್ತಿದೆ

ಇಲ್ಲೂ ಪರೀಕ್ಷೆ ಆಮೇಲೆ. ಲೈಟ್, ಎಕ್ಸಾಸ್ಟ್ ಫ್ಯಾನ್ ಹಾಕಬೇಡಿ. ಹಾಕಿದ್ದರೆ ಆರಿಸಲೂ ಬೇಡಿ, ಸ್ವಿಚ್ಚಿನ ಕಿಡಿ ಸಾಕು. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆದು, ಎಲ್ಲರೂ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆಂದೇ ಇರುವ ಸಂಖ್ಯೆ ಅದು, ಹಗಲು ರಾತ್ರಿ ನಡೆಯುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ನೆಲದ ಮೇಲೆ, ಬಚ್ಚಲ ಮೂಲೆಯಲ್ಲಿ, ಕಟ್ಟೆ ಕೆಳಗೆ ಮಲಗಿರುತ್ತದೆ. ಮೇಲಿನ ಕಿಟಕಿ ತೆಗೆದ ಮಾತ್ರಕ್ಕೆ ಹೋಗುವುದಿಲ್ಲ, ಬಾಗಿಲು ತೆರೆದಿರಬೇಕು.

ವಾಸನೆ ಪೂರ್ತಿ ಹೋದ ಮೇಲೆ ಎಲ್ಲಿಂದ ಅಂತ ಹುಡುಕಲು ಸೋಪಿನ ನೊರೆ ಸಾಕು. ಬಟ್ಟಲಿಗೆ ಪಾತ್ರೆ ತೊಳೆಯುವ ಸೋಪು ಕದಡಿ, ರೆಗ್ಯುಲೇಟರ್ ಮೂತಿ, ಪೈಪಿನ ಎರಡು ತುದಿ, ಪೈಪ್ ಎರಡಾಗಿ ಕವಲೊಡೆಯುವ ಟೀ ಜಾಯಿಂಟ್, ಗೀಸರ್ ಕೆಳಗಿನ ನಟ್, ಎಲ್ಲಕ್ಕೂ ಬ್ರಷ್‌ನಿಂದ ಹಚ್ಚಿ. ಗೀಸರ್ ಹಚ್ಚದೆ ರೆಗ್ಯುಲೇಟರ್ ಮಾತ್ರ ಆನ್ ಮಾಡಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಕಡ್ಡಿ ಗೀರಿ ನೋಡುವ ಮಹಾಶಯರು ಇನ್ನೂ ಇದ್ದಾರೆ. ದಯವಿಟ್ಟು ಬೇಡ.

ಗುಳ್ಳೆ ಕಂಡರೆ ಆಫ್ ಮಾಡಿ ಮೆಕ್ಯಾನಿಕ್‌ಗೆ ಬಿಡಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪ್‌ಗೆ ಐದು ವರ್ಷ ಆಯಸ್ಸು. ಪೈಪ್ ಮೇಲೇ ಇಸವಿ ಅಚ್ಚಾಗಿರುತ್ತದೆ, ಒಮ್ಮೆ ಓದಿ. ಗೀಸರ್‌ಗೆ ಹೋಗುವ ಪೈಪ್ ಒಲೆಯ ಪೈಪ್‌ಗಿಂತ ಬೇಗ ಮರೆತುಹೋಗುತ್ತದೆ. ಅದು ಕಣ್ಣಿಗೆ ಬೀಳುವುದೇ ಇಲ್ಲ ಅಲ್ವಾ?

ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಸದ್ದೇ ಇಲ್ಲ

ಈಗ ಸಾಮಾನ್ಯ ಕಾಟಗಳಿಗೆ ಬರೋಣ. ಗೀಸರ್ ಒಳಗೆ ನಡೆಯುವುದು ಇಷ್ಟೇ. ಬಿಸಿನೀರಿನ ನಲ್ಲಿ ತಿರುಗಿಸಿದರೆ ನೀರಿನ ಒತ್ತಡಕ್ಕೆ ಡಯಾಫ್ರಾಮ್ ಅನ್ನುವ ರಬ್ಬರ್ ಬಿಲ್ಲೆ ಉಬ್ಬಿ ಒಂದು ಸಣ್ಣ ಸ್ವಿಚ್ ಒತ್ತುತ್ತದೆ. ಸ್ವಿಚ್ ಬಿದ್ದರೆ ಸೆಲ್‌ನ ಕರೆಂಟ್ ಎರಡು ಕೆಲಸ ಮಾಡುತ್ತದೆ: ಕಿಡಿ ಹಾರಿಸುತ್ತದೆ, ಗ್ಯಾಸಿನ ಬಾಗಿಲು ತೆಗೆಯುತ್ತದೆ. ಆ ಬಾಗಿಲಿಗೆ ಸೋಲೆನಾಯ್ಡ್ ವಾಲ್ವ್ ಅಂತಾರೆ. ಉರಿ ಹತ್ತಿತು ಅಂತ ಸೆನ್ಸರ್ ಹೇಳಿದರೆ ಬಾಗಿಲು ತೆರೆದೇ ಇರುತ್ತದೆ, ಇಲ್ಲದಿದ್ದರೆ ಮುಚ್ಚಿಕೊಳ್ಳುತ್ತದೆ.

ಸದ್ದೇ ಇಲ್ಲ ಅಂದರೆ ಸೆಲ್ ಸತ್ತಿದೆ, ಇಲ್ಲವೇ ನೀರಿನ ಒತ್ತಡ ಸಾಲದು. ಹತ್ತರಲ್ಲಿ ಎಂಟು ಸಲ ಇವೆರಡೇ.

ಮೊದಲು ಸೆಲ್. ಎರಡು ದಪ್ಪ ಟಾರ್ಚ್ ಸೆಲ್, ಒಂದೊಂದು 1.5 ವೋಲ್ಟ್. ಎರಡನ್ನೂ ಒಟ್ಟಿಗೇ ಬದಲಿಸಿ, ಹಳೆಯದರ ಜೊತೆ ಹೊಸದು ಹಾಕಬೇಡಿ. ಪ್ಲಸ್ ಮೈನಸ್ ಗುರುತು ನೋಡಿ ಹಾಕಿ. ಅಲ್ಕಲೈನ್ ಸೆಲ್ ಆದರೆ ಒಳ್ಳೆಯದು, ದುಡ್ಡು ಜಾಸ್ತಿ, ಬಾಳಿಕೆಯೂ ಜಾಸ್ತಿ. ಚಾರ್ಜ್ ಮಾಡುವ ಸೆಲ್ ಬೇಡ. ಅವು ಒಂದೊಂದು 1.2 ವೋಲ್ಟ್, ಎರಡು ಸೇರಿ 2.4. ಗೀಸರ್ ಕೇಳುವುದು 3. ಡಬ್ಬಿಯ ಸ್ಪ್ರಿಂಗ್ ಮೇಲೆ ಬಿಳಿ ಪುಡಿಯೋ ಹಸಿರು ಪಾಚಿಯ ಥರದ್ದೋ ಕಂಡರೆ ಹೊಸ ಸೆಲ್ ಹಾಕಿದರೂ ಕೆಲಸ ಆಗುವುದಿಲ್ಲ. ಸ್ಯಾಂಡ್‌ಪೇಪರ್ ಚೂರಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಸ್ನಾನದ ಮನೆಯ ತೇವಕ್ಕೆ ಇದು ಆಗುತ್ತಲೇ ಇರುತ್ತದೆ.

ಆಮೇಲೆ ನೀರು. ಬಕೆಟ್, ಮೊಬೈಲ್ ಇದ್ದರೆ ಪರೀಕ್ಷೆ ಆಯಿತು. ಬಿಸಿನೀರಿನ ನಲ್ಲಿ ಪೂರ್ತಿ ತೆರೆದು ಒಂದು ನಿಮಿಷ ಹಿಡಿಯಿರಿ. 5–6 ಲೀಟರ್ ಬಂದರೆ ಒತ್ತಡ ಚೆನ್ನಾಗಿದೆ. ಮೂರಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ಗೀಸರ್‌ಗಳು ಹೊತ್ತಿಕೊಳ್ಳಲು ಹಟ ಮಾಡುತ್ತವೆ.

ಒತ್ತಡ ಕಡಿಮೆ ಇದ್ದರೆ ಮೊದಲು ಶವರ್ ಬಿಚ್ಚಿ ನೋಡಿ. ಬೋರ್‌ವೆಲ್ ನೀರಿನ ಸುಣ್ಣಕ್ಕೆ ಅದರ ತೂತು ಮುಚ್ಚಿಹೋಗಿರುತ್ತದೆ. ಆಮೇಲೆ ಗೀಸರ್‌ಗೆ ನೀರು ಬರುವ ಕಡೆಯ ಜಾಲರಿ. ನೀಲಿ ಗುರುತಿರುವ ನಟ್ ಒಳಗೆ ಬೆರಳುಗುರಿನಷ್ಟು ಅಗಲದ ಸಣ್ಣ ಜರಡಿ ಇರುತ್ತದೆ. ಗ್ಯಾಸ್ ಆಫ್ ಮಾಡಿ, ಗೀಸರ್‌ಗೆ ಬರುವ ನೀರಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಒಳಗಿನ ನೀರು ಇಳಿಸಿ, ನಟ್ ಸಡಿಲಿಸಿ. ಜರಡಿಯನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಟ್ಯಾಂಕ್ ತೊಳೆಸಿದ ಮರುದಿನ ಗೀಸರ್ ಕೆಟ್ಟರೆ ಬೇರೆಲ್ಲೂ ನೋಡುವುದೇ ಬೇಡ. ಕದಡಿದ ಮಣ್ಣು ಇಲ್ಲೇ ಕೂತಿರುತ್ತದೆ. ವಾಪಸ್ ಹಾಕುವಾಗ ವಾಷರ್ ಮರೆಯಬೇಡಿ. ನಾನು ಮರೆತಿದ್ದೇನೆ.

ಕೊನೆಯ ಮಹಡಿಯಲ್ಲಿ ಇರುವವರಿಗೆ ಒಂದು ವಿಷಯ. ಟ್ಯಾಂಕ್ ಗೀಸರ್‌ಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಒತ್ತಡ. ಒತ್ತಡವನ್ನು ಬಾರ್‌ನಲ್ಲಿ ಅಳೆಯುತ್ತಾರೆ, 10 ಅಡಿ ಎತ್ತರಕ್ಕೆ 0.3 ಬಾರ್ ಅಂತ ಲೆಕ್ಕ ಇಟ್ಟುಕೊಳ್ಳಿ. ಗೀಸರ್ ಮೇಲಿನ ಚೀಟಿಯಲ್ಲಿ ಕನಿಷ್ಠ ಎಷ್ಟು ಬೇಕು ಅಂತ ಬರೆದಿರುತ್ತದೆ. ಎಂಪಿಎ ಅಂತಿದ್ದರೆ 0.1 ಎಂಪಿಎ ಅಂದರೆ 1 ಬಾರ್. ಟೆರೇಸ್ ಮೇಲೆ ಕಟ್ಟೆಯಿಲ್ಲದೆ ಕೂರಿಸಿದ ಟ್ಯಾಂಕ್‌ಗೂ ಅದರ ಕೆಳಗಿನ ಮಹಡಿಯ ಗೀಸರ್‌ಗೂ ನಡುವೆ ಐದಾರು ಅಡಿಯೂ ಇರುವುದಿಲ್ಲ. ಅಲ್ಲಿ ಗೀಸರ್ ಬದಲಿಸಿ ಪ್ರಯೋಜನ ಇಲ್ಲ. ಟ್ಯಾಂಕ್ ಎತ್ತರಿಸಬೇಕು, ಇಲ್ಲವೇ ಸಣ್ಣ ಪ್ರೆಶರ್ ಪಂಪ್ ಹಾಕಿಸಬೇಕು.

ನೀರು ಜೋರಾಗಿ ಬರುತ್ತಿದೆ, ಸೆಲ್ ಹೊಸದು, ಆದರೂ ಸದ್ದಿಲ್ಲ ಅಂದರೆ ಡಯಾಫ್ರಾಮ್ ಹರಿದಿರಬಹುದು, ಸ್ವಿಚ್ ಕೆಟ್ಟಿರಬಹುದು. ಹೊಸದಾಗಿ ಕೂರಿಸಿದ ಗೀಸರ್ ಆದರೆ ಪ್ಲಂಬರ್ ತಣ್ಣೀರು, ಬಿಸಿನೀರಿನ ಪೈಪ್ ಅದಲು ಬದಲು ಮಾಡಿರಬಹುದು. ನೀಲಿ ಗುರುತಿಗೆ ತಣ್ಣೀರು, ಕೆಂಪಿಗೆ ಬಿಸಿ.

ಟಿಕ್ ಟಿಕ್ ಅನ್ನುತ್ತದೆ, ಹೊತ್ತಿಕೊಳ್ಳುವುದಿಲ್ಲ

ಕಿಡಿ ಇದೆ, ಗ್ಯಾಸ್ ಬರುತ್ತಿಲ್ಲ. ಸಿಲಿಂಡರ್ ಖಾಲಿಯೇ? ಒಲೆ ಅದೇ ಸಿಲಿಂಡರ್‌ಗೆ ಇದ್ದರೆ ಹಚ್ಚಿ ನೋಡಿ. ರೆಗ್ಯುಲೇಟರ್ ಆನ್ ಇದೆಯೇ? ಪೈಪಿನ ನಡುವೆ ಇನ್ನೊಂದು ವಾಲ್ವ್ ಇದ್ದರೆ ಅದನ್ನು ಯಾರಾದರೂ ಮುಚ್ಚಿದ್ದಾರೆಯೇ? ಸಿಲಿಂಡರ್ ಈಗ ತಾನೇ ಬದಲಿಸಿದ್ದರೆ ಪೈಪಿನಲ್ಲಿ ಗಾಳಿ ಇರುತ್ತದೆ. ನಲ್ಲಿ ತೆರೆದು ಮುಚ್ಚಿ ಎರಡು ಮೂರು ಸಲ ಪ್ರಯತ್ನಿಸಿ, ಪ್ರತಿ ಸಲದ ನಡುವೆ ಒಂದು ನಿಮಿಷ ಬಿಡಿ. ಬಿಡದಿದ್ದರೆ ಸೇರಿಕೊಂಡ ಗ್ಯಾಸ್ ಒಟ್ಟಿಗೆ ಹೊತ್ತಿಕೊಳ್ಳುತ್ತದೆ.

ಸೆಲ್ ಇಲ್ಲೂ ಮೋಸ ಮಾಡುತ್ತದೆ. ಅರ್ಧ ಸತ್ತ ಸೆಲ್‌ಗೆ ಕಿಡಿ ಹಾರಿಸುವ ಶಕ್ತಿ ಇರುತ್ತದೆ, ಗ್ಯಾಸಿನ ವಾಲ್ವ್ ಎಳೆಯುವ ಶಕ್ತಿ ಇರುವುದಿಲ್ಲ. ಸದ್ದು ನಿಧಾನವಾಗಿ, ಟಿಕ್... ಟಿಕ್... ಅಂತ ಬಂದರೆ ಅದೇ ಕಾರಣ. "ಸದ್ದು ಬರ್ತಿದೆ, ಸೆಲ್ ಸರಿಯಿದೆ" ಅಂತ ಬಿಡಬೇಡಿ.

ಮಡಿಕೇರಿ, ಚಿಕ್ಕಮಗಳೂರು ಕಡೆ ಚಳಿ ಬೆಳಗ್ಗೆ ಇನ್ನೊಂದು ಇದೆ. ಸಿಲಿಂಡರ್ ತಳ ಮುಟ್ಟಿದಾಗ ಒಳಗಿನ ದ್ರವ ಬೇಗ ಗ್ಯಾಸ್ ಆಗುವುದಿಲ್ಲ. ಒಲೆಗೆ ಸಾಲುವಷ್ಟು ಬರುತ್ತದೆ, ಗೀಸರ್‌ಗೆ ಸಾಲುವುದಿಲ್ಲ. ಸಿಲಿಂಡರ್ ಹೊರಮೈ ಬೆವರಿರುತ್ತದೆ. ಸಿಲಿಂಡರ್ ಬದಲಿಸಿ, ಅಷ್ಟೇ. ಅದನ್ನು ಮಲಗಿಸುವುದು, ಬಿಸಿನೀರು ಸುರಿಯುವುದು ಮಾಡಬೇಡಿ. ಮಲಗಿಸಿದರೆ ದ್ರವವೇ ಪೈಪಿಗೆ ಬಂದು ಉರಿ ಭುಗಿಲೇಳುತ್ತದೆ.

ಹೊತ್ತಿಕೊಂಡು ಆರಿಹೋಗುತ್ತದೆ

ಯಾವಾಗ ಆರುತ್ತದೆ ಅನ್ನುವುದೇ ಉತ್ತರ. ನೋಡಿ ಬರೆದಿಟ್ಟುಕೊಳ್ಳಿ, ಮೆಕ್ಯಾನಿಕ್‌ಗೂ ಅರ್ಧ ಕೆಲಸ ಉಳಿಯುತ್ತದೆ.

ಹೊತ್ತಿದ ಕೆಲವೇ ಸೆಕೆಂಡಿಗೆ ಆರಿದರೆ ಸೆಲ್, ಇಲ್ಲವೇ ಉರಿ ನೋಡುವ ಸೆನ್ಸರ್. ಸೆನ್ಸರ್ ತುದಿಗೆ ಮಸಿ ಕಟ್ಟಿದರೆ ಉರಿ ಇದ್ದರೂ ಅದಕ್ಕೆ ಕಾಣುವುದಿಲ್ಲ.

ತಣ್ಣೀರು ಬೆರೆಸುವಾಗ ಆರಿದರೆ ದೋಷ ಗೀಸರ್‌ದಲ್ಲ. ತಣ್ಣೀರಿನ ನಲ್ಲಿ ತೆರೆದ ಕೂಡಲೇ ಗೀಸರ್ ಮೂಲಕ ಹರಿಯುವ ನೀರು ಕಡಿಮೆಯಾಗಿ ಸ್ವಿಚ್ ಬಿಟ್ಟುಕೊಳ್ಳುತ್ತದೆ. ಬಿಸಿನೀರು ಪೂರ್ತಿ ತೆರೆದಿಟ್ಟು, ಬಿಸಿ ಹೆಚ್ಚು ಕಡಿಮೆ ಮಾಡುವುದನ್ನು ಗ್ಯಾಸಿನ ಗುಂಡಿಯಲ್ಲೇ ಮಾಡಿ. ಬಕೆಟ್ ಸ್ನಾನದವರಿಗೆ ಈ ತಲೆನೋವೇ ಇಲ್ಲ. ಬಿಸಿನೀರು ಹಿಡಿದು, ಗೀಸರ್ ಆರಿಸಿ, ಆಮೇಲೆ ತಣ್ಣೀರು ಬೆರೆಸಿಕೊಂಡು ಚೊಂಬಿನಲ್ಲಿ ಸುರಿದುಕೊಂಡರಾಯಿತು. ಉಸಿರಿಗೂ ಅದೇ ಒಳ್ಳೆಯದು, ಸ್ನಾನದ ಹೊತ್ತಿಗೆ ಉರಿಯೇ ಇರುವುದಿಲ್ಲ.

ಗಡಿಯಾರ ಇಟ್ಟ ಹಾಗೆ 20 ನಿಮಿಷಕ್ಕೆ ಆರಿದರೆ ಅದು ಟೈಮರ್. ಎಷ್ಟೋ ಮಾಡೆಲ್‌ಗಳಲ್ಲಿ ಬೇಕೆಂದೇ ಇಟ್ಟಿರುತ್ತಾರೆ. ನಲ್ಲಿ ಮುಚ್ಚಿ ತೆರೆದರೆ ಮತ್ತೆ ಹೊತ್ತುತ್ತದೆ, ಆದರೆ ತೆರೆಯಬೇಡಿ. 20 ನಿಮಿಷ ಸಾಕು, ಹೊರಗೆ ಬನ್ನಿ.

ಬಾಗಿಲು ಮುಚ್ಚಿದಾಗ ಮಾತ್ರ ಆರುತ್ತದೆ, ತೆರೆದಿಟ್ಟರೆ ಉರಿಯುತ್ತದೆ ಅಂದರೆ ಎಚ್ಚರ. ಆಮ್ಲಜನಕ ಕಡಿಮೆಯಾದರೆ ಆರಿಸುವ ಸೆನ್ಸರ್ ಕೆಲವು ಗೀಸರ್‌ಗಳಲ್ಲಿ ಇರುತ್ತದೆ, ಅದು ತನ್ನ ಕೆಲಸ ಮಾಡುತ್ತಿದೆ. "ಪದೇ ಪದೇ ಆಫ್ ಆಗ್ತಿದೆ, ಸೆನ್ಸರ್ ವೈರ್ ಬೈಪಾಸ್ ಮಾಡಿಬಿಡ್ತೀನಿ" ಅಂತ ಯಾರಾದರೂ ಹೇಳಿದರೆ ಅವರಿಗೆ ಟೀ ಕೊಟ್ಟು ಕಳಿಸಿಬಿಡಿ. ಗೀಸರ್ ಮುಟ್ಟಲು ಬಿಡಬೇಡಿ.

ನೀರು ಬೆಚ್ಚಗಷ್ಟೇ ಆಗುತ್ತದೆ

6 ಲೀಟರ್ ಅಂತ ಬರೆದಿರುವುದರ ಅರ್ಥ, ನಿಮಿಷಕ್ಕೆ 6 ಲೀಟರ್ ನೀರನ್ನು ಸುಮಾರು 25 ಡಿಗ್ರಿ ಏರಿಸುತ್ತದೆ ಅಂತ. ಟ್ಯಾಂಕ್ ನೀರು 20 ಡಿಗ್ರಿ ಇದ್ದರೆ 45 ಆಗುತ್ತದೆ. 14 ಡಿಗ್ರಿ ಇದ್ದರೆ 39. ಚಳಿಗಾಲದಲ್ಲಿ ನೀರಿನ ಗುಂಡಿಯನ್ನು ಸ್ವಲ್ಪ ಕಡಿಮೆ ಮಾಡಿ, ಗ್ಯಾಸಿನ ಗುಂಡಿ ಚಳಿಗಾಲದ ಗುರುತಿಗೆ ತಿರುಗಿಸಿ. ಒಲೆ, ಗೀಸರ್ ಎರಡನ್ನೂ ಟೀ ಜಾಯಿಂಟ್ ಹಾಕಿ ಒಂದೇ ಸಿಲಿಂಡರ್‌ಗೆ ಕೊಟ್ಟಿದ್ದರೆ, ಅಡುಗೆ ನಡೆಯುವಾಗ ಗೀಸರ್ ಉರಿ ಕುಗ್ಗುತ್ತದೆ. ಇದಕ್ಕೆ ಹೋಟೆಲ್‌ನವರ ಹೈ ಪ್ರೆಶರ್ ರೆಗ್ಯುಲೇಟರ್ ತಂದು ಹಾಕುವುದು ಪರಿಹಾರ ಅಲ್ಲ. ಮನೆ ಗೀಸರ್ ಮಾಡಿರುವುದು 30 ಮಿಲಿಬಾರ್ ಒತ್ತಡಕ್ಕೆ.

ಬೆಂಗಳೂರಿನಲ್ಲಿ ಪೈಪ್ ಗ್ಯಾಸ್ ಬಂದ ಮನೆಗಳಲ್ಲಿ ಇನ್ನೊಂದು ಕಾರಣ ಇರುತ್ತದೆ. ಸಿಲಿಂಡರ್ ಗ್ಯಾಸ್ ಬೇರೆ, ಪೈಪಿನಲ್ಲಿ ಬರುವ ಪಿಎನ್‌ಜಿ ಬೇರೆ. ಎಲ್‌ಪಿಜಿ ಗೀಸರ್‌ನಲ್ಲಿ ಗ್ಯಾಸ್ ಚಿಮ್ಮುವ ಜೆಟ್‌ನ ತೂತು ಸಣ್ಣದು, ಅದಕ್ಕೆ ಪಿಎನ್‌ಜಿ ಕೊಟ್ಟರೆ ಉರಿ ಬಡವಾಗುತ್ತದೆ. ತಿರುಗಾ ಮುರುಗಾ ಆದರೆ ಹಳದಿ ಉರಿ, ಮಸಿ, ಅಪಾಯ. ಕಂಪನಿಯವರೇ ಬಂದು ಜೆಟ್ ಬದಲಿಸಬೇಕು. ಎಷ್ಟೋ ಮಾಡೆಲ್‌ಗಳಿಗೆ ಹೊಸ ಗೀಸರೇ ಬೇಕಾಗುತ್ತದೆ.

ಮೊದಲು ಚೆನ್ನಾಗಿ ಬಿಸಿಯಾಗುತ್ತಿತ್ತು, ಒಂದೆರಡು ವರ್ಷದಲ್ಲಿ ನಿಧಾನವಾಗಿ ಕಡಿಮೆಯಾಯಿತು, ಧಾರೆಯೂ ಸಣ್ಣದಾಯಿತು ಅಂದರೆ ಒಳಗಿನ ತಾಮ್ರದ ಕೊಳವೆಯಲ್ಲಿ ಸುಣ್ಣ ಕಟ್ಟಿದೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಬೋರ್‌ವೆಲ್ ಬಡಾವಣೆಗಳವರಿಗೆ ಹೇಳಬೇಕಾಗಿಯೇ ಇಲ್ಲ, ಕುದಿಸಿದ ಪಾತ್ರೆಯ ತಳ ನೋಡಿದರೆ ಸಾಕು. ಸುಣ್ಣ ತೆಗೆಯುವ ಕೆಲಸ ಮೆಕ್ಯಾನಿಕ್‌ದು. ಬಚ್ಚಲು ತೊಳೆಯುವ ಆಸಿಡ್ ಒಳಗೆ ಬಿಟ್ಟರೆ ಸುಣ್ಣದ ಜೊತೆ ತಾಮ್ರವೂ ಹೋಗುತ್ತದೆ.

ಉರಿ ಹಳದಿ, ಮೇಲೆ ಮಸಿ

ಗೀಸರ್ ಮುಂದೆ ಸಣ್ಣ ಕಿಂಡಿ ಇದೆ. ಅದು ಅಲಂಕಾರಕ್ಕಲ್ಲ. ವಾರಕ್ಕೊಮ್ಮೆ ಅದರಲ್ಲಿ ಇಣುಕಿ. ಉರಿ ನೀಲಿ ಇರಬೇಕು, ಒಂದೇ ಎತ್ತರದಲ್ಲಿ ಸಾಲಾಗಿ ನಿಂತಿರಬೇಕು. ಅಲ್ಲೊಂದು ಇಲ್ಲೊಂದು ಕಿತ್ತಳೆ ಕಿಡಿ ಧೂಳಿನದು, ಹೆದರಬೇಡಿ. ಉರಿ ತುದಿ ಉದ್ದವಾಗಿ, ಹಳದಿಯಾಗಿ, ದೀಪದ ಕುಡಿಯಂತೆ ಓಲಾಡುತ್ತಿದ್ದರೆ ಗಾಳಿ ಸಾಲದೆ ಉರಿಯುತ್ತಿದೆ. ಬರ್ನರ್‌ಗೆ ಧೂಳು, ಜೇಡರ ಬಲೆ ತುಂಬಿರಬಹುದು, ಮೇಲಿನ ತಾಮ್ರದ ಎಲೆಗಳ ಸಂದಿ ಮಸಿಯಿಂದ ಮುಚ್ಚಿರಬಹುದು. ಗೀಸರ್ ಮೇಲ್ಗಡೆಯ ಗೋಡೆ, ಸೀಲಿಂಗ್ ಕಪ್ಪಾಗಿದ್ದರೆ ಇದು ಬಹಳ ದಿನದಿಂದ ನಡೆಯುತ್ತಿದೆ ಅಂತ ಅರ್ಥ. ಬೆರಳಿನಿಂದ ಉಜ್ಜಿ ನೋಡಿ. ಕಪ್ಪು ಅಂಟಿದರೆ ಗೀಸರ್ ಬಂದ್. ಕ್ಲೀನ್ ಆಗುವ ತನಕ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ.

ಡಬ್ ಅಂತ ಸದ್ದು ಮಾಡಿ ಹೊತ್ತಿಕೊಳ್ಳುತ್ತದೆ

ಗ್ಯಾಸ್ ಮೊದಲು ಬಂದು ಕಿಡಿ ತಡವಾಗಿ ಬಂದಿದೆ. ಸೆಲ್ ಬದಲಿಸಿ ನೋಡಿ. ಬಾಲ್ಕನಿಯ ಗೀಸರ್ ಆದರೆ ಮಳೆಯ ಇರಿಚಲಿಗೆ ಕಿಡಿ ಕಡ್ಡಿ ಒದ್ದೆಯಾಗಿರಬಹುದು, ಒಣಗಲು ಬಿಡಿ. ಆಮೇಲೂ ಡಬ್ ಅಂದರೆ ಮೂರನೇ ಸಲ ಪ್ರಯತ್ನಿಸಬೇಡಿ.

ಇನ್ನೊಂದು ಇದೆ, ಅಪರೂಪ, ಆದರೆ ಭಯದ್ದು. ನಲ್ಲಿ ಮುಚ್ಚಿದ ಮೇಲೂ ಉರಿ ಆರುವುದಿಲ್ಲ. ಸ್ವಿಚ್ಚೋ ವಾಲ್ವೋ ಸಿಕ್ಕಿಕೊಂಡಿರುತ್ತದೆ. ಓಡಿಹೋಗಿ ರೆಗ್ಯುಲೇಟರ್ ಆಫ್ ಮಾಡಿ. ತಣ್ಣಗೆ ಮಾಡೋಣ ಅಂತ ಕೂಡಲೇ ನಲ್ಲಿ ತೆರೆಯಬೇಡಿ, ಕುದಿಯುವ ನೀರು, ಹಬೆ ಮುಖಕ್ಕೆ ಹೊಡೆಯುತ್ತದೆ. ಅರ್ಧ ಗಂಟೆ ಬಿಡಿ.

ನೀರು ತೊಟ್ಟಿಕ್ಕುತ್ತದೆ

ನಟ್ ಹತ್ತಿರ ಆದರೆ ವಾಷರ್, ಹತ್ತಿಪ್ಪತ್ತು ರೂಪಾಯಿ. ತಳದ ಪ್ಲಾಸ್ಟಿಕ್ ಬಿರಡೆಯಿಂದ ಆದರೆ ಒತ್ತಡ ಹೆಚ್ಚಾದಾಗ ಅದು ಬಿಡುವುದು ಸಹಜ, ಯಾವಾಗಲೂ ತೊಟ್ಟಿಕ್ಕುತ್ತಿದ್ದರೆ ಬದಲಿಸಿ. ಡಬ್ಬದ ಒಳಗಿನಿಂದ ಸೋರಿ ಹಸಿರು ಕಲೆ ಕಂಡರೆ ತಾಮ್ರದ ಕೊಳವೆ ತೂತಾಗಿದೆ. ಅಂಟು ಮೆತ್ತಿದರೆ ಉರಿಗೆ ನಿಲ್ಲುವುದಿಲ್ಲ. ಕೊಳವೆ ಬದಲಿಸುವ ಖರ್ಚು ಕೇಳಿದ ಮೇಲೆ ಹೆಚ್ಚಿನವರು ಹೊಸ ಗೀಸರ್ ತರುತ್ತಾರೆ, ಅದೇ ಜಾಣತನ. ತರುವಾಗ ಐಎಸ್‌ಐ ಗುರುತು, ಅದರ ಜೊತೆ ಗ್ಯಾಸ್ ಗೀಸರ್‌ನ ಮಾನದಂಡದ ಸಂಖ್ಯೆ ಐಎಸ್ 15558 ಅಂತ ಇದೆಯೇ ನೋಡಿ.

ರೂಮಿಗೆ ಆದ ದೋಷ

ನಮ್ಮಜ್ಜಿ ಮನೆಯ ಬಚ್ಚಲಲ್ಲಿ ದೊಡ್ಡ ತಾಮ್ರದ ಹಂಡೆ ಇತ್ತು. ಹಂಡೆ ಒಳಗೆ, ಒಲೆಯ ಬಾಯಿ ಗೋಡೆಯ ಆಚೆ. ತರಗು, ಅಡಿಕೆ ಹಾಳೆ, ತೆಂಗಿನ ಮಟ್ಟೆ ಎಲ್ಲ ಹಿತ್ತಲ ಕಡೆಯಿಂದಲೇ ತುರುಕುತ್ತಿದ್ದರು. ಬಿಸಿನೀರು ಒಳಗಿದ್ದರೂ ಉರಿ, ಹೊಗೆ ಎಲ್ಲ ಹೊರಗೆ. ನಾವು ಗ್ಯಾಸಿಗೆ ಹೊಗೆ ಇಲ್ಲ ಅಂತ ಒಲೆಯನ್ನೇ ಒಳಗೆ ತಂದು, ಬಾಗಿಲು ಹಾಕಿಕೊಂಡು, ಪಕ್ಕದಲ್ಲಿ ನಿಂತು ಸ್ನಾನ ಮಾಡುತ್ತೇವೆ.

ನಮ್ಮ ಮನೆಯಲ್ಲಿ ಕೊನೆಗೆ ಗೀಸರ್ ಅನ್ನು ಬಚ್ಚಲಿನಿಂದ ತೆಗೆದು ಹೊರಗಿನ ಬಾಲ್ಕನಿಗೆ ಹಾಕಿಸಿದೆವು. ಗೋಡೆಗೆ ಒಂದು ತೂತು, ಎಂಟಡಿ ಪೈಪ್. ಮೊದಲ ಅರ್ಧ ಬಕೆಟ್ ತಣ್ಣಗೆ ಬರುತ್ತದೆ, ಅಷ್ಟೇ ನಷ್ಟ. ನನ್ನ ಕೇಳಿದರೆ ಬಚ್ಚಲ ಒಳಗೆ ಚಿಮಣಿ ಇಲ್ಲದ ಗ್ಯಾಸ್ ಗೀಸರ್ ಇರಲೇಬಾರದು. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅನ್ನುತ್ತಾರೆ. ಫ್ಯಾನ್ ಗಾಳಿ ಹೊರಗೆ ದೂಡುತ್ತದೆ, ಒಳಗೆ ಬರಲು ಬಾಗಿಲ ಕೆಳಗೆ ದಾರಿ ಇರದಿದ್ದರೆ ಅದು ಸುಮ್ನೆ ತಿರುಗುತ್ತಿರುತ್ತದೆ. ಯುಟಿಲಿಟಿಗೆ ಹಾಕಿಸಿ, ಆಮೇಲೆ ಧೂಳು ಬರುತ್ತದೆ ಅಂತ ಅದಕ್ಕೆ ಗಾಜಿನ ಕಿಟಕಿ ಕೂರಿಸಿದವರನ್ನೂ ನೋಡಿದ್ದೇನೆ. ಅದು ಇನ್ನೊಂದು ಬಚ್ಚಲಾಯಿತು.

ಬಾಡಿಗೆ ಮನೆ, ಓನರ್ ಗೋಡೆ ಕೊರೆಯಲು ಬಿಡುವುದಿಲ್ಲ ಅಂದರೆ, ಬೇರೆ ದಾರಿ ಆಗುವ ತನಕ ಬಕೆಟ್ ಕ್ರಮ ಪಾಲಿಸಿ. ಬಾಗಿಲು, ಗವಾಕ್ಷಿ ತೆರೆದಿಟ್ಟು ನೀರು ಹಿಡಿಯಿರಿ, ಗೀಸರ್ ಆರಿಸಿ, ಐದು ನಿಮಿಷ ಗಾಳಿ ಆಡಲು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಮಕ್ಕಳು, ವಯಸ್ಸಾದವರು ಚಿಲಕ ಹಾಕಿಕೊಳ್ಳದಿರಲಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಿಗುತ್ತದೆ, ಕೊಳ್ಳಿ. ಅಂಗಡಿಯವರು ಗ್ಯಾಸ್ ಲೀಕ್ ಅಲಾರಂ ಕೊಟ್ಟು "ಎರಡೂ ಒಂದೇ" ಅಂದಾರು. ಒಂದಲ್ಲ. ಅದು ಸೋರಿದ ಗ್ಯಾಸನ್ನು ಹಿಡಿಯುತ್ತದೆ, ಇದು ಉರಿಯ ವಿಷವನ್ನು.

ಸರ್ವೀಸ್ ವರ್ಷಕ್ಕೊಮ್ಮೆ. ನಾವು ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚಿನ ವಾರ ಮಾಡಿಸುತ್ತೇವೆ. ಹಿಂದೆ ಹಂಡೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುತ್ತಿದ್ದ ದಿನ ಹೇಗೂ ಮನೆಯವರಿಗೆಲ್ಲ ನೆನಪಿರುತ್ತದೆ. ಬರ್ನರ್ ಊದಿಸಿ, ಜರಡಿ ತೊಳೆಸಿ, ಪೈಪಿನ ಇಸವಿ ನೋಡಿ, ಸೆಲ್ ಬದಲಿಸಿ, ಡಬ್ಬಿ ಮೇಲೆ ಬಿಳಿ ಟೇಪ್ ಅಂಟಿಸಿ ತಾರೀಖು ಬರೆಯುತ್ತೇನೆ. ಗವಾಕ್ಷಿಗೆ ತುರುಕಿದ್ದ ಪೇಪರ್ ತೆಗೆದ ಮೇಲೆ ಸೊಳ್ಳೆ ಬರುತ್ತದೆ ಅಂತ ಅತ್ತಿಗೆ ಬೈದರು. ಜಾಲರಿ ಹೊಡೆಸಿದ್ದೇವೆ.